ಬೆಟ್ಟದಿಂದ ಇಳಿದು ಬಂದ ಕನ್ನಡ

ಗುಡಗೇರಿಯ ಎರೆಹೊಲದಲ್ಲಿ ನಿಂತವರಿಗೆ ಕಣ್ಣು ಹಾಯುವಷ್ಟು ದೂರವೂ ಬಯಲೇ. ಅಂಥ ಊರಿನಿಂದ ನಾಲ್ಕಾರು ವಿಶ್ವಾಸಿಗಳು ಧ್ಯಾನಕೂಟಕ್ಕೆಂದು ಬೆಟ್ಟಕ್ಕೆ ಹೊರಟರೆ, ‘ಹೊಲಮನೆ ಬಿಟ್ಟು ಅಲ್ಲಿ ಮಾಡುವುದೇನು?’ ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ನಮ್ಮ ಸಭೆಯ ಚರಿತ್ರೆಯಲ್ಲೇ ಒಂದು ಉತ್ತರವಿದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡವನ್ನೂ 1839ರಲ್ಲಿ ಹುಬ್ಬಳ್ಳಿಯನ್ನೂ ತಲುಪಿತು. ಬಯಲಿನ ಬಿಸಿಲಿಗೂ ಜ್ವರಕ್ಕೂ ಅದರ ಸೇವಕರು ಬಳಲಿದರು. 1840ರ ದಶಕದಲ್ಲಿ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ನೀಲಗಿರಿಯ ಕೇತಿಯಲ್ಲಿ ಅವರಿಗೆ ಆಶ್ರಯವಿತ್ತರು. ಆ ತಂಪಿನ ಏಕಾಂತದಲ್ಲಿ ಗಾಟ್‌ಫ್ರೀಡ್ ವೈಗ್ಲೆ ಸುಮ್ಮನೆ ಕೂರಲಿಲ್ಲ. ಕನ್ನಡ ಬೈಬಲಿನ ಭಾಷಾಂತರದಲ್ಲಿ ತೊಡಗಿದರು. ಅದೇ ಕ್ಯಾಸಮೇಜರರ ನೆರವಿನಿಂದ ಹರ್ಮನ್ ಮೋಗ್ಲಿಂಗ್ 1848ರಿಂದ ಪ್ರಾಚೀನ ಕನ್ನಡ ಕೃತಿಗಳನ್ನು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚಿಗೆ ತಂದರು. ಬೆಟ್ಟದ ಮೌನ ಬಯಲಿನ ಜನರ ನುಡಿಯಾಗಿ ಇಳಿದು ಬಂದಿತು.

ರೂಪಾಂತರದ ಬೆಟ್ಟದಲ್ಲಿ ಪೇತ್ರನು ಗುಡಾರ ಕಟ್ಟಿ ಅಲ್ಲೇ ಉಳಿಯಬಯಸಿದನು. ಪ್ರಭುವಾದರೋ ಮೂವರು ಶಿಷ್ಯರೊಡನೆ ಕೆಳಗಿಳಿದನು. ಅಡಿಯಲ್ಲಿ ರೋಗಿಯಾದ ಮಗನಿಗಾಗಿ ಮೊರೆಯಿಡುವ ತಂದೆಯೊಬ್ಬನು ಕಾದಿದ್ದನು. ಪ್ರಿಯ ವಾಚಕರೇ, ನಾವು ಎಷ್ಟು ಎತ್ತರ ಏರಿದೆವೆಂಬುದಲ್ಲ, ಇಳಿದು ಬಂದು ಯಾರ ಬಳಿ ನಿಂತೆವೆಂಬುದೇ ಧ್ಯಾನಕೂಟದ ಅಳತೆ.