ಸಾರಥ್ಯದ ಅಳುಕು

ಮೊದಲ ಬಾರಿಗೆ ಸ್ಟೇರಿಂಗ್ ಹಿಡಿದವನ ಅಂಗೈ ಬೆವರುವುದನ್ನೂ ಕ್ಲಚ್ಚಿನ ಮೇಲಿಟ್ಟ ಎಡಗಾಲು ನಡುಗುವುದನ್ನೂ ಕಂಡು, ಪಕ್ಕದಲ್ಲಿದ್ದವರು ಧೈರ್ಯವನ್ನು ಬೋಧಿಸುವುದು ವಾಡಿಕೆ. ಆದರೆ ಮೋಟಾರು ವಾಹನದ ಪೂರ್ವವೃತ್ತಾಂತವನ್ನು ಅವಲೋಕಿಸಿದರೆ, ಕಲಿಯುವವನ ಭೀತಿಯನ್ನು ಶಮನಗೊಳಿಸುವುದರಲ್ಲಿ ಇಂಥ ಬೋಧನೆಗಿಂತ ಯಂತ್ರಶಿಲ್ಪಿಗಳ ಕೈಚಳಕವೂ ಪಕ್ಕದಲ್ಲಿ ಕುಳಿತವನ ಕಾಲೂ ಹೆಚ್ಚು ಉಪಕಾರ ಮಾಡಿವೆಯೆಂದು ತೋರುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಅಳುಕು ಹುಟ್ಟುತ್ತಿದ್ದುದು ಆಸನದಲ್ಲಿ ಕುಳಿತ ಮೇಲಲ್ಲ, ಗಾಡಿಯ ಮೂತಿಯ ಮುಂದೆ ನಿಂತಾಗ. ಎಂಜಿನ್ನನ್ನು ಎಬ್ಬಿಸಲು ಕಬ್ಬಿಣದ ಹ್ಯಾಂಡಲನ್ನು ತೂರಿಸಿ ಬಲವಾಗಿ ತಿರುಗಿಸಬೇಕಾಗಿದ್ದ ಆ ಕಾಲದಲ್ಲಿ, ಕಿಡಿ ಹೊತ್ತುವ ವೇಳೆ ತುಸು ಮುಂಚೆಯಾದರೂ ಹ್ಯಾಂಡಲು ಹಿಂದಕ್ಕೆ ಒದೆದು ಮಣಿಕಟ್ಟನ್ನು ಮುರಿಯಬಹುದಾಗಿದ್ದುದರಿಂದ, ಹೆಬ್ಬೆರಳನ್ನು ಉಳಿದ ಬೆರಳುಗಳ ಮಗ್ಗುಲಲ್ಲಿಯೇ ಇರಿಸಿ ಹಿಡಿಯಬೇಕೆಂಬುದು ಶಿಷ್ಯನು ಅರಿಯಬೇಕಾಗಿದ್ದ ಮುಖ್ಯ ಪಾಠಗಳಲ್ಲೊಂದು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಕಾಣಿಸಿಕೊಂಡ ಮೇಲೆ ಈ ಭಯವು ಕ್ರಮೇಣ ನೀಗಿತು.

ಗೇರಿನ ಭಯ ಇನ್ನೂ ಉಳಿದಿದ್ದಿತು. ಕ್ಲಚ್ಚನ್ನು ಒತ್ತಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಕ್ಲಚ್ಚನ್ನು ಬಿಟ್ಟು, ವೇಗಕ್ಕೆ ತಕ್ಕಂತೆ ಎಂಜಿನ್ನಿನ ಓಟವನ್ನು ಹೊಂದಿಸಿ, ಮತ್ತೆ ಕ್ಲಚ್ಚನ್ನೊತ್ತಿ ಮುಂದಿನ ಗೇರನ್ನು ಕೂಡಿಸುವ ‘ಡಬಲ್ ಕ್ಲಚ್’ ವಿದ್ಯೆಯು ಕರಗತವಾಗದವನ ಅಜ್ಞಾನವನ್ನು ಹಲ್ಲುಚಕ್ರಗಳ ಕರಕರ ಧ್ವನಿಯೇ ಬೀದಿಗೆಲ್ಲ ಸಾರುತ್ತಿದ್ದಿತು. 1928ರಲ್ಲಿ ಕ್ಯಾಡಿಲಾಕ್ ಸಂಸ್ಥೆಯೇ ಸಿಂಕ್ರೋಮೆಶ್ ಎಂಬ ಏರ್ಪಾಟನ್ನು ತಂದು ಆ ಅವಮಾನವನ್ನೂ ತಪ್ಪಿಸಿತು.

ಯಂತ್ರವು ಹೀಗೆ ಸೌಮ್ಯವಾಗುತ್ತಿದ್ದಂತೆ ರಾಜಶಾಸನವು ಕಠೋರವಾಯಿತು. ಪ್ಯಾರಿಸಿನ ಪೊಲೀಸರು 1893ರಷ್ಟು ಹಿಂದೆಯೇ ಚಾಲಕರ ಯೋಗ್ಯತೆಯನ್ನು ಪರೀಕ್ಷಿಸತೊಡಗಿದರಾದರೂ, ಇಂಗ್ಲೆಂಡಿನಲ್ಲಿ 1903ರ ಕಾನೂನಿನ ಮೇರೆಗೆ ಐದು ಷಿಲಿಂಗು ತೆತ್ತವನಿಗೆ ಪರೀಕ್ಷೆಯಿಲ್ಲದೆಯೇ ಲೈಸೆನ್ಸು ದೊರೆಯುತ್ತಿದ್ದಿತು. 1910ರಲ್ಲಿ ಲಂಡನ್ನಿನ ಪೆಕ್‌ಹ್ಯಾಮ್‌ನಲ್ಲಿ ಹ್ಯೂ ಸ್ಟ್ಯಾನ್ಲಿ ರಾಬರ್ಟ್ಸ್ ಎಂಬವರು ಮೋಟಾರು ಶಾಲೆಯೊಂದನ್ನು ತೆರೆದರಷ್ಟೆ. ಅಲ್ಲಿ ಕಲಿತೇ ತೀರಬೇಕೆಂಬ ನಿರ್ಬಂಧವೇನೂ ಇರಲಿಲ್ಲ. 1934ರ ಒಂದೇ ವರ್ಷದಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಏಳು ಸಾವಿರಕ್ಕೂ ಮಿಕ್ಕು ಜನರು ಮಡಿದರು. ಮರುವರ್ಷದ ಜೂನ್ ತಿಂಗಳಿನಿಂದ ಹೊಸ ಚಾಲಕರಿಗೆ ಪರೀಕ್ಷೆಯು ಕಡ್ಡಾಯವಾಯಿತು. ಪರೀಕ್ಷಾಕೇಂದ್ರಗಳಿನ್ನೂ ಇಲ್ಲದಿದ್ದುದರಿಂದ ಪರೀಕ್ಷಕರು ರೈಲುನಿಲ್ದಾಣದ ಬಳಿಯೋ ಉದ್ಯಾನದ ಬಳಿಯೋ ಅಭ್ಯರ್ಥಿಗಳನ್ನು ಸಂಧಿಸುತ್ತಿದ್ದರು. ದಾರಿಹೋಕರ ಭಯವನ್ನು ನಿವಾರಿಸಲೆಂದು ಬಂದ ಶಾಸನವು, ಪಕ್ಕದಲ್ಲಿ ಮೌನವಾಗಿ ಕುಳಿತು ಕಾಗದದ ಮೇಲೆ ಗುರುತು ಹಾಕುವ ಮನುಷ್ಯನ ಭಯವನ್ನು ಕಲಿಯುವವನಿಗೆ ಹೊಸದಾಗಿ ದಯಪಾಲಿಸಿತು.

ಬ್ರಿಟಿಷ್ ಇಂಡಿಯಾದಲ್ಲಿ 1914ರಲ್ಲೊಂದು, 1939ರಲ್ಲೊಂದು ಮೋಟಾರು ಕಾನೂನು ಬಂದವು. ಆದರೆ ಕಾನೂನಿನ ಪುಸ್ತಕಕ್ಕೂ ನಮ್ಮ ನೈಜ ಗುರುಕುಲಕ್ಕೂ ಸಂಬಂಧವು ಅಲ್ಪವೇ ಸರಿ. ಕಾರುಳ್ಳ ಶ್ರೀಮಂತರು ಸಾಮಾನ್ಯವಾಗಿ ಡ್ರೈವರನ್ನಿಟ್ಟುಕೊಳ್ಳುತ್ತಿದ್ದರಾದುದರಿಂದ, ಸಾರಥ್ಯವೆಂಬುದು ಬಡವರ ಮನೆಯ ಹುಡುಗರ ವಿದ್ಯೆಯಾಯಿತು. ಅದರ ಪಾಠಶಾಲೆಯೆಂದರೆ ಲಾರಿ ಬಸ್ಸುಗಳ ಕ್ಲೀನರ್ ಕೆಲಸ. ನಸುಕಿನಲ್ಲೆದ್ದು ಗಾಜನ್ನೊರೆಸಿ, ರೇಡಿಯೇಟರಿಗೆ ನೀರು ತುಂಬಿ, ಯುದ್ಧಕಾಲದ ಪೆಟ್ರೋಲ್ ಅಭಾವದಲ್ಲಿ ಇದ್ದಿಲ ಅನಿಲದ ಬಸ್ಸುಗಳ ಹಿಂದಣ ಒಲೆಗೆ ಗಾಳಿಯೂದಿ, ಘಾಟಿಯ ಏರಿನಲ್ಲಿ ಗಾಡಿಯು ನಿಂತರೆ ಧುಮುಕಿ ಹಿಂಚಕ್ರಕ್ಕೆ ಕಲ್ಲು ಕೊಟ್ಟು, ‘ರೈಟ್’, ‘ಹೋಲ್ಡಾನ್’ ಎಂದು ಕೂಗುತ್ತ ವರ್ಷಗಟ್ಟಲೆ ಡ್ರೈವರನ ಕೈಕಾಲುಗಳನ್ನೇ ದಿಟ್ಟಿಸುತ್ತಿದ್ದ ಹುಡುಗನಿಗೆ, ಒಂದು ರಾತ್ರಿ ಷೆಡ್ಡಿನಲ್ಲಿ ಗಾಡಿಯನ್ನು ನಾಲ್ಕು ಮಾರು ಹಿಂದೆ ಮುಂದೆ ಮಾಡುವ ಅವಕಾಶವು ಒದಗಿದಾಗ, ಅದು ಅವನ ಶರೀರಕ್ಕೆ ಅಪರಿಚಿತವಾದ ಕ್ರಿಯೆಯಾಗಿ ತೋರುತ್ತಿರಲಿಲ್ಲ. ಆಗುಂಬೆಯಂಥ ಘಾಟಿಯಲ್ಲಿ ಹಾಫ್ ಕ್ಲಚ್ ಹಿಡಿದು ಗಾಡಿಯನ್ನು ಹಿಂಜರಿಯಗೊಡದೆ ನಿಲ್ಲಿಸುವ ಕೌಶಲವು ಅವನ ಕಿವಿಗೆ ಮೊದಲು ಬಂದು, ಕಾಲಿಗೆ ಆಮೇಲೆ ಇಳಿಯುತ್ತಿದ್ದಿತು. ಬೈಗುಳವೂ ಆ ಪಾಠದ ಅಂಗವಾಗಿದ್ದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಅಂಜಿಕೆಗೆ ಕಾಲಾವಕಾಶವನ್ನು ಕೊಟ್ಟ ವಿಷಯದಲ್ಲಿ ಇದಕ್ಕೆ ಸಮನಾದ ಶಿಕ್ಷಣಪದ್ಧತಿಯನ್ನು ನಾನರಿಯೆ. 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು ಆರಂಭವಾದ ಅನಂತರವೂ ಖಾಸಗಿ ಲಾರಿಗಳಲ್ಲಿ ಈ ಪರಂಪರೆಯು ಮುಂದುವರಿಯಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ತರುವಾಯ ಮಾಲೀಕನೇ ಸಾರಥಿಯಾಗತೊಡಗಿದನು. ಗುಮಾಸ್ತರು, ಅಧ್ಯಾಪಕಿಯರು, ನಿವೃತ್ತರು, ಯಾರಿಗೂ ಕ್ಲೀನರನ ದೀರ್ಘ ಶಿಷ್ಯವೃತ್ತಿಗೆ ವ್ಯವಧಾನವಿರಲಿಲ್ಲ. ಕೆಲವೇ ವಾರಗಳಲ್ಲಿ ಲೈಸೆನ್ಸು ಕೈಸೇರಬೇಕಾಗಿದ್ದಿತು. ಈ ಅವಸರಕ್ಕೆ ಆಸರೆಯಾದುದು, 1989ರ ಕೇಂದ್ರ ಮೋಟಾರು ನಿಯಮಗಳು ತರಬೇತಿ ಶಾಲೆಯ ಕಾರುಗಳಿಗೆ ವಿಧಿಸಿದ ಜೋಡಿ ನಿಯಂತ್ರಣದ ವ್ಯವಸ್ಥೆ. ಶಿಕ್ಷಕನ ಕಾಲಡಿಯಲ್ಲಿಯೂ ಒಂದು ಬ್ರೇಕಿರುವುದರಿಂದ ಶಿಷ್ಯನ ತಪ್ಪು ಅಪಘಾತವಾಗುವ ಮೊದಲೇ ತಡೆಯಲ್ಪಡುತ್ತದೆ. ಬಿಳಿಯ ಹಲಗೆಯ ಮೇಲಣ ಕೆಂಪು ‘ಎಲ್’ ಅಕ್ಷರವು ಹಿಂದಿನಿಂದ ಬರುವವರಲ್ಲಿ ಕ್ಷಮೆಯನ್ನು ಮುಂಗಡವಾಗಿಯೇ ಯಾಚಿಸುತ್ತದೆ. ಆ ಕ್ಷಮೆಯು ನಮ್ಮ ಪೇಟೆಬೀದಿಗಳಲ್ಲಿ ಹಾರನ್ನಿನ ರೂಪದಲ್ಲಿಯೇ ಲಭಿಸುವುದು ಬೇರೆಯ ಮಾತು.

ಈಚೆಗೆ ಬೆಂಗಳೂರು ಮೊದಲಾದೆಡೆಗಳಲ್ಲಿ ಪರೀಕ್ಷಾಪಥದ ಬದಿಗೆ ಸೆನ್ಸರುಗಳನ್ನು ನೆಟ್ಟು, ಚಕ್ರವು ಗೆರೆಯನ್ನು ಮುಟ್ಟಿತೋ ಇಲ್ಲವೋ ಎಂಬುದನ್ನು ಯಂತ್ರವೇ ನಿರ್ಣಯಿಸುವಂತೆ ಮಾಡಲಾಗಿದೆ. ಇದರಿಂದ ಪಕ್ಷಪಾತವು ತಗ್ಗೀತೆಂಬುದು ನಿಜ. ಆದರೆ ರಿವರ್ಸಿನಲ್ಲಿ ಕಂಗೆಟ್ಟು ಎಂಜಿನ್ನನ್ನು ನಿಲ್ಲಿಸಿಕೊಂಡವನಿಗೆ, ಹಳೆಯ ಇನ್ಸ್‌ಪೆಕ್ಟರರು ಗದರಿಸಿಯಾದರೂ “ಇರಲಿ, ಇನ್ನೊಂದು ಸಲ ತಗೋ” ಎನ್ನುವ ಸಂಭವವಿದ್ದಿತು; ಕಂಬಕ್ಕೆ ಬಿಗಿದ ಕ್ಯಾಮರಾದಿಂದ ಅದನ್ನು ನಿರೀಕ್ಷಿಸುವಂತಿಲ್ಲ.