ಕುದುರೆ, ಕೋವಿ ಮತ್ತು ಖಾಲಿ ಬಯಲು

ಬೆಂಗಳೂರಿನ ದಂಡಿನ ಕಡೆ ಇಂಗ್ಲಿಷ್ ಸಿನಿಮಾ ನೋಡಿ ಬೆಳೆದವರಿಗೆ "ಕೌಬಾಯ್ ಪಿಕ್ಚರ್" ಎಂದರೆ ಸಾಕು, ಹೆಚ್ಚು ವಿವರಣೆ ಬೇಡ. ಪ್ಲಾಜಾ, ರೆಕ್ಸ್, ಲಿಡೊ, ಗ್ಯಾಲಕ್ಸಿ ಎಂದು ಹೆಸರು ಹೇಳುತ್ತಿದ್ದಂತೆ ಕಣ್ಣ ಮುಂದೆ ಧೂಳು ಏಳುತ್ತದೆ. ಮಾತು ನಮಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಅದರಿಂದ ನಷ್ಟವೇನೂ ಆಗುತ್ತಿರಲಿಲ್ಲ, ಏಕೆಂದರೆ ಹೀರೋ ಮಾತಾಡುತ್ತಿದ್ದುದೇ ಕಡಿಮೆ. ಕಣ್ಣು ಕಿರಿದು ಮಾಡುತ್ತಿದ್ದ, ಚುಟ್ಟಾ ಕಚ್ಚುತ್ತಿದ್ದ, ಮೂವರು ಬೀಳುತ್ತಿದ್ದರು. ಮನೆಗೆ ಬಂದು ಅಮ್ಮನ ಲಟ್ಟಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಮ್ಮನನ್ನು ಹತ್ತು ಸಲ ಕೊಂದವರಲ್ಲಿ ನಾನೂ ಒಬ್ಬ.

ಅಟ್ಲಾಂಟಾದಲ್ಲಿ ಮನೆ ಮಾಡಿಕೊಂಡ ಎಷ್ಟೋ ವರ್ಷಗಳ ಮೇಲೆ ಅವೇ ಚಿತ್ರಗಳನ್ನು ಮತ್ತೊಮ್ಮೆ ನೋಡಿದೆ. ಹಳೆಯ ಖುಷಿ ಹಾಗೆಯೇ ಇತ್ತು. ಅದರ ಜೊತೆಗೆ ಅಂದು ಕಾಣದಿದ್ದುದೊಂದು ಈಗ ಕಂಡಿತು. ಇವೆರಡರ ಲೆಕ್ಕ ಹೇಳುವುದೇ ಈ ಬರಹದ ಉದ್ದೇಶ.

ವೆಸ್ಟರ್ನ್ ಚಿತ್ರಗಳಿಗೆ ಹೆಚ್ಚುಕಡಿಮೆ ಸಿನಿಮಾದಷ್ಟೇ ವಯಸ್ಸು. 1903ರಲ್ಲಿ ಎಡ್ವಿನ್ ಪೋರ್ಟರ್ ತೆಗೆದ "ದಿ ಗ್ರೇಟ್ ಟ್ರೈನ್ ರಾಬರಿ" ಸುಮಾರು ಹನ್ನೆರಡು ನಿಮಿಷದ್ದು. ಕಥೆ ಪಶ್ಚಿಮದ್ದಾದರೂ ಚಿತ್ರೀಕರಣ ನಡೆದದ್ದು ಬಹುಪಾಲು ನ್ಯೂಜೆರ್ಸಿಯಲ್ಲಿ! 1939ರಲ್ಲಿ ಜಾನ್ ಫೋರ್ಡ್ "ಸ್ಟೇಜ್‌ಕೋಚ್" ತೆಗೆದು ಮಾನ್ಯುಮೆಂಟ್ ವ್ಯಾಲಿಯ ಕೆಂಪು ಬಂಡೆಗಳನ್ನು ಲೋಕಪ್ರಸಿದ್ಧ ಮಾಡಿದ. 1952ರ "ಹೈ ನೂನ್" ಚಿತ್ರದಲ್ಲಿ ಊರಿಗೆ ಊರೇ ಕೈಬಿಟ್ಟಾಗ ಮಾರ್ಷಲ್‌ನ ಕೆಲಸ ಮಾಡುವ ಗ್ಯಾರಿ ಕೂಪರ್ ಒಬ್ಬನೇ ಬೀದಿಗೆ ಇಳಿದ. 1964ರಲ್ಲಿ ಇಟಲಿಯ ಸೆರ್ಜಿಯೋ ಲಿಯೋನೆ ಸ್ಪೇನಿನ ಬಯಲಿನಲ್ಲಿ, ಕುರೊಸಾವಾನ "ಯೋಜಿಂಬೊ" ಕಥೆ ಎತ್ತಿಕೊಂಡು, ಕ್ಲಿಂಟ್ ಈಸ್ಟ್‌ವುಡ್‌ನನ್ನು ನಿಲ್ಲಿಸಿ "ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್" ಮಾಡಿದ. ಎನ್ನಿಯೊ ಮೊರಿಕೋನೆಯ ಸಿಳ್ಳೆ ನಮ್ಮೂರಿನ ಆರ್ಕೆಸ್ಟ್ರಾಗಳಿಗೂ ಬಂದು ತಲುಪಿತು.

ಅಭಿಮಾನಿಗಳು ಮೆಚ್ಚುವುದು ಇದನ್ನೇ: ಕಣ್ಣು ಹಾಯಿಸಿದಷ್ಟೂ ಬಯಲು, ಅದರಲ್ಲಿ ಒಬ್ಬ ಮನುಷ್ಯ. ಕೋರ್ಟು ಕಚೇರಿಗೆ ಅಲೆಯದೆ ಸಿಗುವ ನ್ಯಾಯ. ತಾಲ್ಲೂಕು ಕಚೇರಿಯಲ್ಲಿ ಒಂದು ಕಾಗದಕ್ಕಾಗಿ ಆರು ತಿಂಗಳು ಕಾದ ಅಪ್ಪಂದಿರ ಮಕ್ಕಳಿಗೆ ಅದು ಎಷ್ಟು ರುಚಿಸಿರಬೇಡ! ದೂರುವವರೂ ಅಭಿಮಾನಿಗಳೇ. ಆರು ಗುಂಡಿನ ಪಿಸ್ತೂಲಿನಿಂದ ಹದಿನಾರು ಗುಂಡು ಹೇಗೆ ಬರುತ್ತವೆ? ಹೆಂಗಸು ಎಂದರೆ ಒಂದೋ ಶಾಲೆಯ ಮೇಡಂ, ಇಲ್ಲವೇ ಸಲೂನಿನ ಕುಣಿತದವಳು, ಅಷ್ಟೇ ಏಕೆ? ಇಂಥ ತಕರಾರುಗಳನ್ನು ಇಂಟರ್ವಲ್‌ನಲ್ಲಿ ಕಡಲೆಕಾಯಿ ತಿನ್ನುತ್ತಲೇ ಮಾಡುತ್ತಿದ್ದೆವು.

1969ರ "ಮೆಕೆನ್ನಾಸ್ ಗೋಲ್ಡ್" ನೆನಪಿದೆಯಲ್ಲ? ಅಮೆರಿಕದಲ್ಲಿ ನೆಲಕಚ್ಚಿದ ಈ ಚಿತ್ರ ಭಾರತದಲ್ಲಿ ಅಮೋಘವಾಗಿ ಓಡಿತು. ಅಪಾಚೆಗಳ ಗುಪ್ತ ಕಣಿವೆಯ ಚಿನ್ನಕ್ಕಾಗಿ ಹಲವರು ಹೊರಡುತ್ತಾರೆ. ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊನೆಗೆ ಭೂಮಿ ಅದುರಿ ಕಣಿವೆಯೇ ಕುಸಿಯುತ್ತದೆ. ದುರಾಸೆಗೆ ತಕ್ಕ ಶಾಸ್ತಿ! ಹರಿಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸತೇನಿತ್ತು? ನಮ್ಮ ಕಥೆಯೇ ಟೋಪಿ ಹಾಕಿಕೊಂಡು ಬಂದಂತಿತ್ತು.

ಹಾಗಾಗಿಯೇ ಟೋಪಿ ನಮ್ಮವರ ತಲೆಗೂ ಬೇಗ ಏರಿತು. 1971ರಲ್ಲಿ ತೆಲುಗಿನ ಕೃಷ್ಣ "ಮೋಸಗಾಳ್ಳಕು ಮೋಸಗಾಡು" ಚಿತ್ರದಲ್ಲಿ ಕುದುರೆ ಹತ್ತಿದರು. 1973ರಲ್ಲಿ ನಮ್ಮ ದ್ವಾರಕೀಶ್ "ಕೌಬಾಯ್ ಕುಳ್ಳ" ಆದರು. ಅದೇ ವರ್ಷ ರಮೇಶ್ ಸಿಪ್ಪಿಯ ತಂಡ ಬೆಂಗಳೂರಿಗೆ ಹತ್ತಿರದ ರಾಮನಗರಕ್ಕೆ ಬಂದು ರಾಮದೇವರ ಬೆಟ್ಟದ ಬುಡದಲ್ಲಿ ಇಡೀ ಒಂದು ಹಳ್ಳಿಯನ್ನೇ ಕಟ್ಟಿತು. 1975ರ ಆಗಸ್ಟ್ 15ರಂದು "ಶೋಲೆ" ತೆರೆಕಂಡಿತು. ಕುರೊಸಾವಾನ "ಸೆವೆನ್ ಸಮುರಾಯ್" ಜಪಾನಿನಿಂದ ಹಾಲಿವುಡ್‌ಗೆ ಹೋಗಿ 1960ರಲ್ಲಿ "ದಿ ಮ್ಯಾಗ್ನಿಫಿಸೆಂಟ್ ಸೆವೆನ್" ಆಗಿತ್ತು. ಅದೇ ದಾರಿಯಲ್ಲಿ ಬಂದ ಕಥೆಗೆ ಲಿಯೋನೆಯ ಚಿತ್ರಗಳ ಛಾಯೆಯೂ ಸೇರಿ ನಮ್ಮ ಮಂಡ್ಯ ರಸ್ತೆಯ ಬಂಡೆಗಳ ಮೇಲೆ ಗಬ್ಬರ್ ಸಿಂಗ್ ಹುಟ್ಟಿದ. ರೇಷ್ಮೆಗೂಡಿಗೆ ಹೆಸರಾದ ಊರು ಸಿನಿಮಾಕ್ಕೂ ಹೆಸರಾಯಿತು. ಆ ಬೆಟ್ಟದಲ್ಲಿ ರಣಹದ್ದುಗಳು ಇನ್ನೂ ಉಳಿದಿರುವುದರಿಂದ 2012ರಲ್ಲಿ ಅದನ್ನು ರಣಹದ್ದು ಧಾಮವೆಂದು ಸರ್ಕಾರ ಘೋಷಿಸಿತು.

ಒಂದು ವಿಷಯ ಗಮನಿಸಿ. ವೆಸ್ಟರ್ನ್ ನಮ್ಮಲ್ಲಿಗೆ ಬಂದಾಗ ಕುದುರೆ ಬಂತು, ಕೋವಿ ಬಂತು, ರೈಲು ದರೋಡೆ ಬಂತು. "ಇಂಡಿಯನ್" ಮಾತ್ರ ಬರಲಿಲ್ಲ. ಅವನ ಜಾಗದಲ್ಲಿ ಡಕಾಯಿತನನ್ನು ಕೂರಿಸಿದೆವು. ಡಕಾಯಿತನನ್ನು ಕೊಂದರೆ ಯಾರ ಮನಸ್ಸಿಗೂ ಚುಚ್ಚುವುದಿಲ್ಲ. ಠಾಕೂರನ ಜಮೀನು ಠಾಕೂರನಿಗೆ ಹೇಗೆ ಬಂತು ಎಂದು ನಾವೂ ಕೇಳಲಿಲ್ಲ.

ಮೂಲ ಚಿತ್ರಗಳಲ್ಲಿ ಇಂಡಿಯನ್ನರು ಇದ್ದರಲ್ಲ, ಅವರನ್ನು ನೋಡಿ ನಾವು ಏನು ಮಾಡಿದೆವು? ಕೊಲಂಬಸನ ತಪ್ಪು ಲೆಕ್ಕದಿಂದ ನಮ್ಮ ಹೆಸರು ಅವರ ತಲೆಗೆ ಬಂದಿತ್ತು. ಆದರೂ "ಸ್ಟೇಜ್‌ಕೋಚ್" ಕೊನೆಯಲ್ಲಿ ಅಶ್ವದಳದ ಕಹಳೆ ಮೊಳಗಿದಾಗ ನಾವು ಚಪ್ಪಾಳೆ ತಟ್ಟಿದ್ದು ಅಶ್ವದಳಕ್ಕೆ. ಬ್ರಿಟಿಷರ ದಂಡಿನ ನೆಲದಲ್ಲಿ ಕೂತು! ಆ ಚಿತ್ರದಲ್ಲಿ ಅಪಾಚೆಗಳ ವೇಷ ಹಾಕಿದವರು ಬೇರೆಯೇ ಬುಡಕಟ್ಟಿನ ನವಾಹೋ ಜನ. "ಮೆಕೆನ್ನಾಸ್ ಗೋಲ್ಡ್"ನ ಮುಖ್ಯ ಅಪಾಚೆ ಪಾತ್ರಗಳಿಗೆ ಬಣ್ಣ ಹಚ್ಚಿದವರು ಬಿಳಿಯ ನಟ ನಟಿಯರು. ಹೆಚ್ಚಿನ ಚಿತ್ರಗಳಲ್ಲಿ ಅವರಿಗೆ ಕೂಗುವ ಕೆಲಸ, ಕುದುರೆಯಿಂದ ಬೀಳುವ ಕೆಲಸ. ಮಾತಿಲ್ಲ, ಓದುಬರಹವಂತೂ ಇಲ್ಲವೇ ಇಲ್ಲ.

ಓದುಬರಹದ ಮಾತು ಬಂದಿದ್ದರಿಂದ ನಮ್ಮ ಜಾರ್ಜಿಯಾಕ್ಕೆ ಬರೋಣ. ಅಟ್ಲಾಂಟಾದಿಂದ ಐ-75 ಹಿಡಿದು ಉತ್ತರಕ್ಕೆ ಹೋದರೆ ಕ್ಯಾಲ್ಹೂನ್ ಊರಿನ ಬಳಿ ನ್ಯೂ ಎಕೋಟಾ ಸಿಗುತ್ತದೆ. 1825ರಿಂದ ಅದು ಚೆರೋಕೀ ರಾಷ್ಟ್ರದ ರಾಜಧಾನಿ. ಸಿಕ್ವೋಯಾ ಎಂಬ ಚೆರೋಕೀ ಮನುಷ್ಯ, ಇಂಗ್ಲಿಷ್ ಓದಲು ಬಾರದವನು, 1821ರ ಹೊತ್ತಿಗೆ ತನ್ನ ನುಡಿಗೆ ತಾನೇ ಲಿಪಿ ಮಾಡಿದ. 85 ಅಕ್ಷರ. ಎ, ಬಿ, ಸಿ, ಡಿಯ ಹಾಗಲ್ಲ, ನಮ್ಮ ಕ, ಕಾ, ಕಿಯ ಹಾಗೆ ಒಂದು ಉಚ್ಚಾರಕ್ಕೆ ಒಂದು ಅಕ್ಷರ. 1828ರ ಫೆಬ್ರವರಿ 21ರಂದು ಅದೇ ಲಿಪಿಯಲ್ಲಿ, ಜೊತೆಗೆ ಇಂಗ್ಲಿಷಿನಲ್ಲಿ, "ಚೆರೋಕೀ ಫೀನಿಕ್ಸ್" ಪತ್ರಿಕೆ ಹೊರಬಂತು. ಸಂಪಾದಕ ಎಲಿಯಾಸ್ ಬೂಡಿನಾಟ್. ನಮ್ಮ ಮೊದಲ ಪತ್ರಿಕೆ "ಮಂಗಳೂರು ಸಮಾಚಾರ" ಹೊರಟದ್ದು 1843ರಲ್ಲಿ. ತೆರೆಯ ಮೇಲೆ ಬರೀ ಕೂಗುತ್ತಿದ್ದ ಆ "ಇಂಡಿಯನ್ನರು" ಪತ್ರಿಕೆ ಮಾಡುವುದರಲ್ಲಿ ಕನ್ನಡಿಗರಿಗಿಂತ 15 ವರ್ಷ ಮುಂದಿದ್ದರು!

ಆ ಪತ್ರಿಕೆ ಹುಟ್ಟಿದ ಸಮಯಕ್ಕೇ ಈಗಿನ ಡಲೋನಿಗಾ ಸುತ್ತ ಚಿನ್ನ ಸಿಕ್ಕಿತು. ಕ್ಯಾಲಿಫೋರ್ನಿಯಾದ 1849ಕ್ಕೂ ಎರಡು ದಶಕ ಮೊದಲು ಚಿನ್ನಕ್ಕಾಗಿ ಜನ ಮುಗಿಬಿದ್ದದ್ದು ಇಲ್ಲಿ. 1830ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಇಂಡಿಯನ್ನರನ್ನು ಮಿಸಿಸಿಪಿ ನದಿಯ ಆಚೆಗೆ ಸಾಗಿಸುವ ಕಾಯ್ದೆಗೆ ಸಹಿ ಹಾಕಿದ. 1832ರಲ್ಲಿ ಸುಪ್ರೀಂ ಕೋರ್ಟು ಚೆರೋಕೀ ನೆಲದ ಮೇಲೆ ಜಾರ್ಜಿಯಾದ ಕಾನೂನು ನಡೆಯದೆಂದು ತೀರ್ಪು ಕೊಟ್ಟಿತು. ರಾಜ್ಯ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ವರ್ಷ ಆ ನೆಲವನ್ನು ತುಂಡು ಮಾಡಿ ಲಾಟರಿಯಲ್ಲಿ ಹಂಚಿತು. ಚಿನ್ನದ ಸೀಮೆಯ ತುಂಡು ತಲಾ 40 ಎಕರೆ. 1835ರಲ್ಲಿ ಜಾರ್ಜಿಯಾದ ಕಾವಲು ಪಡೆ ಪತ್ರಿಕೆಯ ಅಚ್ಚುಕೂಟವನ್ನೇ ವಶಪಡಿಸಿಕೊಂಡಿತು. 1838ರಲ್ಲಿ ಸುಮಾರು 16,000 ಚೆರೋಕೀ ಜನರನ್ನು ಸೈನಿಕರು ಹೊರಡಿಸಿದರು. ದಾರಿಯಲ್ಲೂ ಶಿಬಿರಗಳಲ್ಲೂ ಸತ್ತವರು ಸುಮಾರು 4,000 ಎಂದು ಅಂದಾಜು. ಚೆರೋಕೀಗಳು ದೇವತೆಗಳೇನಲ್ಲ, ಅವರಲ್ಲಿನ ಸಿರಿವಂತರು ಆಫ್ರಿಕನ್ ಗುಲಾಮರನ್ನು ಇಟ್ಟುಕೊಂಡಿದ್ದರು, ಆ ಗುಲಾಮರೂ ಅದೇ ದಾರಿ ನಡೆದರು.

ಹೋಗಿ ಸೇರಿದ್ದೆಲ್ಲಿಗೆ? ಇಂದಿನ ಓಕ್ಲಹೋಮಾಕ್ಕೆ, ಅಂದಿನ "ಇಂಡಿಯನ್ ಟೆರಿಟರಿ"ಗೆ. 1969ರ "ಟ್ರೂ ಗ್ರಿಟ್" ಚಿತ್ರದಲ್ಲಿ ಜಾನ್ ವೇನ್ ಕೊಲೆಗಾರನನ್ನು ಬೆನ್ನಟ್ಟಿ ಹೋಗುವುದು ಇದೇ ನೆಲಕ್ಕೆ. ತೆರೆಯ ಮೇಲೆ ಅದು ಯಾರೂ ಇಲ್ಲದ ಕಾಡು. ನಿಜದಲ್ಲಿ ಅಲ್ಲಿ ಇದ್ದವರು ಜಾರ್ಜಿಯಾ ಮತ್ತು ಸುತ್ತಲಿನ ರಾಜ್ಯಗಳಿಂದ ಹೊರದಬ್ಬಿಸಿಕೊಂಡ ಓದುಬಲ್ಲ ಜನ. ಇತ್ತ ಕಮಿಂಗ್, ಆಲ್ಫರೆಟಾ ಕಡೆ ಇಂದು ನಮ್ಮವರು ಗೃಹಪ್ರವೇಶ ಮಾಡುತ್ತಿರುವ ಜಾಗವೆಲ್ಲ ಚಟ್ಟಹೂಚಿ ನದಿಯ ಆಚೆಯ ಚೆರೋಕೀ ಸೀಮೆಯೇ. ನಾವು ಮೆಚ್ಚಿದ ಖಾಲಿ ಬಯಲು ತಾನಾಗಿ ಖಾಲಿ ಇದ್ದದ್ದಲ್ಲ, ಖಾಲಿ ಮಾಡಿಸಿದ್ದು. ವೆಸ್ಟರ್ನ್ ಚಿತ್ರದ ಸೊಗಸೂ ದೋಷವೂ ಬೇರೆ ಬೇರೆ ಅಲ್ಲ, ಎರಡೂ ಇರುವುದು ಆ ಒಂದೇ ಬಯಲಿನಲ್ಲಿ.

ಹಾಗಾದರೆ ಇವನ್ನು ನೋಡುವುದೇ ಬೇಡವೇ? ಇಷ್ಟು ಸಲೀಸಾಗಿ ತೀರ್ಪು ಕೊಡಲು ಬಿಡದ ಚಿತ್ರವೊಂದಿದೆ. 1976ರಲ್ಲಿ ಈಸ್ಟ್‌ವುಡ್ ನಟಿಸಿ ನಿರ್ದೇಶಿಸಿದ "ದಿ ಔಟ್‌ಲಾ ಜೋಸೀ ವೇಲ್ಸ್". ಅದರಲ್ಲಿ ಲೋನ್ ವಾಟೀ ಎಂಬ ಮುದುಕ ಚೆರೋಕೀ ಬರುತ್ತಾನೆ. ಆ ಕಣ್ಣೀರ ಹಾದಿಯಲ್ಲಿ ಹೆಂಡತಿ, ಮಕ್ಕಳನ್ನು ಕಳೆದುಕೊಂಡವನು. ಆ ಪಾತ್ರ ಮಾಡಿದ ಚೀಫ್ ಡ್ಯಾನ್ ಜಾರ್ಜ್ ಕೆನಡಾದ ಮೂಲನಿವಾಸಿ. ಅವನು ಹಾಸ್ಯ ಮಾಡುತ್ತಾನೆ, ಸೋಮಾರಿಯೂ ಹೌದು, ಜಾಣನೂ ಹೌದು. ಕೊನೆಗೂ ಒಬ್ಬ ಮನುಷ್ಯ! ಈ ಚಿತ್ರಕ್ಕೆ ಆಧಾರವಾದ ಕಾದಂಬರಿ ಬರೆದವನ ಹೆಸರು ಫಾರೆಸ್ಟ್ ಕಾರ್ಟರ್, ತಾನೂ ಚೆರೋಕೀ ಮೂಲದವನೆಂದು ಹೇಳಿಕೊಂಡವನು. ಅದು ಬರೀ ವೇಷ. ಅವನು ಆಸಾ ಕಾರ್ಟರ್, ಅಲಬಾಮಾದಲ್ಲಿ ಕೂ ಕ್ಲಕ್ಸ್ ಕ್ಲಾನ್ ಸೇರಿದ್ದವನು, ವರ್ಣಭೇದವಾದಿ ಗವರ್ನರ್ ಜಾರ್ಜ್ ವಾಲೆಸ್‌ಗೆ ಭಾಷಣ ಬರೆದುಕೊಟ್ಟವನು. 1976ರಲ್ಲೇ ಪತ್ರಿಕೆಯೊಂದರಲ್ಲಿ ಬಂದಿದ್ದ ಈ ಸಂಗತಿ ಜನರಿಗೆ ಮರೆತೇ ಹೋಗಿತ್ತು. 1991ರಲ್ಲಿ ಅದನ್ನು ಮತ್ತೆ ಬೆಳಕಿಗೆ ತಂದವರು ನಮ್ಮ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿದ್ದ ಇತಿಹಾಸಕಾರ ಡ್ಯಾನ್ ಕಾರ್ಟರ್.

ಈಗ ಹೇಳಿ, ಆ ಮುದುಕನನ್ನು ಮೆಚ್ಚುವುದೇ, ಬಿಡುವುದೇ? ನಾನಂತೂ ಮೆಚ್ಚುತ್ತೇನೆ. ಬರೆದವನ ಕೈ ಕೊಳೆಯಾಗಿತ್ತೆಂಬುದನ್ನು ಮರೆಯದೆ ಮೆಚ್ಚುತ್ತೇನೆ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ. ಆದರೆ ಮಹಾಭಾರತ ಓದಿ ಕರ್ಣನಿಗೂ ಅರ್ಜುನನಿಗೂ ಒಟ್ಟಿಗೆ ಮರುಗಿದ ಜನಕ್ಕೆ ಇದು ತೀರ ಹೊಸತೇನಲ್ಲ.

ಪ್ರತಿ ಶರತ್ಕಾಲದಲ್ಲಿ ನಮ್ಮ ಕುಟುಂಬಗಳು ಸೇಬು ಕೀಳಲು ಎಲಿಜೇಗೆ ಹೋಗುತ್ತವೆ, ಮಕ್ಕಳು ಡಲೋನಿಗಾದಲ್ಲಿ ಮರಳು ಜಾಲಿಸಿ ಚಿನ್ನದ ಹುಡಿ ಹುಡುಕುತ್ತಾರೆ. ಎರಡೂ ಚೆರೋಕೀ ಹೆಸರುಗಳು, ಡಲೋನಿಗಾ ಎಂದರೆ ಹಳದಿ. ಈ ಸಲ ಒಂದು ದಿನ ನ್ಯೂ ಎಕೋಟಾಕ್ಕೂ ಹೋಗಿಬನ್ನಿ. ಅಲ್ಲಿ ಮತ್ತೆ ಕಟ್ಟಿರುವ ಅಚ್ಚುಕೂಟವಿದೆ. ಕ್ಯಾರೊಲಿನಾದ ಗೆಳೆಯರು ತಮ್ಮ ಬೆಟ್ಟಗಳಲ್ಲೇ ಉಳಿದುಕೊಂಡ ಚೆರೋಕೀಗಳ ಊರಿಗೆ ಹೋದರೆ ಬೀದಿಯ ಫಲಕಗಳಲ್ಲಿ ಸಿಕ್ವೋಯಾನ ಅಕ್ಷರ ಕಾಣಬಹುದು. ನೋಡಿ ಬಂದ ರಾತ್ರಿ ಬೇಕಾದರೆ ಒಂದು ಕೌಬಾಯ್ ಪಿಕ್ಚರ್ ಹಾಕಿ. ಲಟ್ಟಣಿಗೆ ಸಿಕ್ಕಿಸಿಕೊಂಡು ಓಡಾಡುವ ಮಕ್ಕಳು ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಯಲು ಕಂಡಾಗ, ಅಲ್ಲಿ ಮೊದಲು ಯಾರಿದ್ದರು ಎಂದು ಅವರೇ ಕೇಳುತ್ತಾರೆ.