ಗೋವಿಂದ ಪೈಗಳ ಬಹುಭಾಷಾ ವ್ಯಾಸಂಗ

ಹೊಟ್ಟೆಪಾಡಿಗಾಗಿ ಮಾಡುವ ಕೆಲಸದಿಂದ ಮನುಷ್ಯನ ಉದ್ಯೋಗವು ತಿಳಿಯುತ್ತದೆ; ಬಿಡುವು ದೊರೆತಾಗ ಯಾರೂ ಹೇಳದೆ ತಾನಾಗಿ ಕೈಗೆತ್ತಿಕೊಳ್ಳುವ ಕೆಲಸದಿಂದ ಅವನ ಮನಸ್ಸು ತಿಳಿಯುತ್ತದೆ. ಒಬ್ಬರಿಗೆ ನಾಣ್ಯಗಳ ಸಂಗ್ರಹ, ಇನ್ನೊಬ್ಬರಿಗೆ ಸಂಗೀತ, ಮತ್ತೊಬ್ಬರಿಗೆ ತಾಳಮದ್ದಳೆ ಪ್ರಿಯವಾದ ಹವ್ಯಾಸವಾಗಿರಬಹುದು. ಭಾಷೆಗಳನ್ನು ಕಲಿಯುವುದನ್ನೇ ಹವ್ಯಾಸವಾಗಿ ಕೈಕೊಂಡು, ಆ ಹವ್ಯಾಸದಿಂದಲೇ ಕನ್ನಡ ಸಾಹಿತ್ಯಕ್ಕೆ ಹೊಸ ಬಾಗಿಲುಗಳನ್ನು ತೆರೆದ ಮಹನೀಯರೊಬ್ಬರು ನಮ್ಮ ಈ ಗಡಿನಾಡಿನಲ್ಲಿಯೇ ಬಾಳಿದರು. ಅವರೇ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು. ಅವರ ಕಾವ್ಯವನ್ನು ಕುರಿತು ಬಲ್ಲವರು ಬಹಳ ಬರೆದಿದ್ದಾರೆ. ಅವರ ಭಾಷಾವ್ಯಾಸಂಗದ ಕಥೆಯು ನಮ್ಮ ಮನೆಯ ಮಕ್ಕಳಿಗೆ ಏನನ್ನು ಹೇಳುತ್ತದೆಂಬುದನ್ನು ವಿಚಾರಿಸುವುದಷ್ಟೇ ಈ ಲೇಖನದ ಉದ್ದೇಶ.

ಪೈಗಳು ಜನಿಸಿದುದು 1883ನೆಯ ಇಸವಿ ಮಾರ್ಚಿ 23ರಂದು, ಮಂಜೇಶ್ವರದಲ್ಲಿ. ಅವರ ಮನೆಮಾತು ಕೊಂಕಣಿ. ಅಂಗಳದಿಂದಾಚೆಗೆ ಕಾಲಿಟ್ಟರೆ ಕೇಳಿಸುವುದು ತುಳು. ಪಾಠಶಾಲೆಯಲ್ಲಿ ಕಲಿತುದು ಕನ್ನಡ. ತೆಂಕಣಕ್ಕೆ ಸ್ವಲ್ಪ ದೂರ ನಡೆದರೆ ಮಲಯಾಳ. ಇವುಗಳ ಜತೆಗೆ ಬ್ಯಾರಿ, ಮರಾಠಿ, ಉರ್ದುಗಳನ್ನೂ ಆಡುವ ಜನರು ಕೂಡಿ ಬಾಳುವ ನಮ್ಮ ನೆಲಕ್ಕೆ ಸಪ್ತಭಾಷೆಗಳ ಸಂಗಮಭೂಮಿಯೆಂಬ ಹೆಸರು ಸುಮ್ಮನೆ ಬಂದುದಲ್ಲ. ಮುಂದೆ ಕನ್ನಡದ ಕವಿಗಳಲ್ಲಿ ಅಗ್ರಗಣ್ಯರಾದ ಈ ಮಹನೀಯರಿಗೆ ಕನ್ನಡವು ತಾಯ ಮಡಿಲಿನಲ್ಲಿ ಬಂದ ನುಡಿಯಾಗಿರಲಿಲ್ಲ. ಕಲಿತು ಒಲಿಸಿಕೊಂಡ ನುಡಿಯಾಗಿತ್ತೆಂಬುದನ್ನು ವಾಚಕರು ಮೊದಲು ಗಮನಿಸಬೇಕು.

ಅವರು ವಿದ್ಯಾಭ್ಯಾಸಕ್ಕೆ ಹೋದ ಮಂಗಳೂರು ಆ ಕಾಲದಲ್ಲಿ ಎಂತಹ ಊರಾಗಿದ್ದಿತೆಂಬುದನ್ನೂ ಇಲ್ಲಿ ನೆನೆಯಬೇಕು. ದೂರದೇಶಗಳಿಂದ ಬಂದವರು ನಮ್ಮ ನುಡಿಗಳನ್ನು ಅಕ್ಷರದಿಂದಾರಂಭಿಸಿ ಕಲಿತು, ನಮಗೇ ನಿಘಂಟುಗಳನ್ನು ಕಟ್ಟಿಕೊಟ್ಟುದು ಅಲ್ಲಿ. ಹೆರ್ಮನ್ ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ ಮಂಗಳೂರಿನಿಂದ ಹೊರಬಂದಿತು. ಇಟಲಿಯ ಪಾದ್ರಿ ಮಾಫೆಯಿಯವರ ಕೊಂಕಣಿ ನಿಘಂಟು 1883ರಲ್ಲಿ, ಎಂದರೆ ಪೈಗಳು ಹುಟ್ಟಿದ ವರ್ಷದಲ್ಲಿಯೇ, ಪ್ರಕಟವಾಯಿತು. ಮೆನ್ನರರ ತುಳು ನಿಘಂಟು 1886ರಲ್ಲಿ ಬಂದಿತು. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದಾಗ ಬಾಲಕ ಗೋವಿಂದನಿಗೆ ಹನ್ನೊಂದು ವರ್ಷ. ಒಂದೇ ಊರಿನಿಂದ, ಇಪ್ಪತ್ತೆರಡು ವರ್ಷಗಳ ಅವಧಿಯಲ್ಲಿ, ನಮ್ಮ ನಾಲ್ಕು ನೆರೆನುಡಿಗಳ ಶಬ್ದಭಂಡಾರಗಳು ಬೆಳಕು ಕಂಡುವು. ಜರ್ಮನಿ, ಇಟಲಿಗಳಿಂದ ಬಂದವರು ನಮ್ಮ ಮಾತನ್ನು ಕಲಿಯಬಹುದಾದರೆ, ನಮ್ಮವನೊಬ್ಬನು ಅವರ ಮಾತನ್ನೂ ಜಗತ್ತಿನ ಇತರ ನುಡಿಗಳನ್ನೂ ಏಕೆ ಕಲಿಯಬಾರದು? ಈ ಪ್ರಶ್ನೆಗೆ ಪೈಗಳ ಜೀವಿತವೇ ಉತ್ತರವಾಯಿತು.

ಮಂಗಳೂರಿನ ತರುವಾಯ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಹೋದರು. ತಂದೆಯವರ ಅಸ್ವಾಸ್ಥ್ಯದ ನಿಮಿತ್ತ ಬಿ. ಎ. ಪದವಿಯನ್ನು ಪೂರೈಸದೆಯೇ ಊರಿಗೆ ಮರಳಬೇಕಾಯಿತು. ಆದರೂ ಇಂಗ್ಲಿಷಿನಲ್ಲಿ ಅವರಿಗೆ ಸುವರ್ಣಪದಕವು ದೊರೆಯಿತು. ಬಳಿಕ ಅವರು ಯಾವ ವಿಶ್ವವಿದ್ಯಾನಿಲಯದ ಆಶ್ರಯವನ್ನೂ ಅರಸಿ ಹೋಗಲಿಲ್ಲ. ಮನೆತನವು ಅನುಕೂಲವಾದುದಾಗಿತ್ತು, ಆ ಅನುಕೂಲವು ಎಲ್ಲರಿಗೂ ಇರುವುದಲ್ಲವೆಂಬುದು ನಿಜ. ಆದರೆ ಇದ್ದ ಅನುಕೂಲವನ್ನು ಪುಸ್ತಕಗಳಿಗಾಗಿ ವೆಚ್ಚ ಮಾಡುವವರೂ ವಿರಳವೇ. ಮಂಜೇಶ್ವರದ ಆ ಮನೆಯು ಗ್ರಂಥಾಲಯವಾಯಿತು. ಅಲ್ಲಿ ಸಂಸ್ಕೃತ, ಪಾಳಿ, ತಮಿಳು, ತೆಲುಗು, ಮರಾಠಿ, ಬಂಗಾಳಿ, ಉರ್ದು, ಪಾರಸಿ, ಗ್ರೀಕ್ ಮೊದಲಾದ ನುಡಿಗಳ ವ್ಯಾಸಂಗವು ನಡೆಯಿತು. ಇಪ್ಪತ್ತೈದು ಭಾಷೆಗಳನ್ನು ಅವರು ಬಲ್ಲವರಾಗಿದ್ದರೆಂದು ಹೇಳುವುದುಂಟು. ಎಣಿಕೆಯನ್ನು ಕೇಳಿ ಬೆರಗಾಗುವುದು ಸುಲಭ. ಆ ಕಲಿಕೆಯಿಂದ ಅವರು ಏನನ್ನು ತಂದುಕೊಟ್ಟರೆಂಬುದನ್ನು ನೋಡುವುದು ಹೆಚ್ಚು ಫಲಕಾರಿ.

ಮೊದಲನೆಯದಾಗಿ, ಬೇರೆ ನುಡಿಗಳ ಪರಿಚಯವು ಅವರಿಗೆ ಸ್ವಂತ ನುಡಿಯ ಕಟ್ಟುಪಾಡುಗಳನ್ನು ಹೊರನಿಂತು ನೋಡುವ ಧೈರ್ಯವನ್ನು ಕೊಟ್ಟಿತು. ಕನ್ನಡದ ಪದ್ಯದಲ್ಲಿ ಪ್ರತಿಪಾದದ ಎರಡನೆಯ ಅಕ್ಷರವು ಪ್ರಾಸಬದ್ಧವಾಗಿರಬೇಕೆಂಬುದು ಶತಮಾನಗಳಿಂದ ನಡೆದುಬಂದ ನಿಯಮ. ಸಂಸ್ಕೃತದ ಮಹಾಕಾವ್ಯಗಳಿಗೆ ಈ ಪ್ರಾಸದ ಹಂಗಿಲ್ಲ. ಇಂಗ್ಲಿಷಿನಲ್ಲಿಯೂ ಪ್ರಾಸರಹಿತವಾದ ಹಿರಿಯ ಕಾವ್ಯಗಳಿವೆ. ಕನ್ನಡಕ್ಕೆ ಮಾತ್ರ ಅದೇಕೆ ಅನಿವಾರ್ಯವಾಗಿರಬೇಕು? 1911ರಲ್ಲಿ ಪೈಗಳು ಪ್ರಾಸತ್ಯಾಗದ ಸಂಕಲ್ಪವನ್ನು ಮಾಡಿ, ಆ ಬಗೆಯ ಪದ್ಯಗಳನ್ನು ರಚಿಸತೊಡಗಿದರು. ವಿರೋಧವೂ ಬಂದಿತು. ಇಂದು ಪ್ರಾಸವಿಲ್ಲದ ಪದ್ಯವನ್ನು ಓದಿ ಯಾರೂ ಹುಬ್ಬೇರಿಸುವುದಿಲ್ಲ. ಆ ಸ್ವಾತಂತ್ರ್ಯಕ್ಕೆ ದಾರಿಯನ್ನು ಕಡಿದವರಲ್ಲಿ ಮೊದಲಿಗರು ಮಂಜೇಶ್ವರದವರು.

ಎರಡನೆಯದಾಗಿ, ಅನ್ಯರ ಸಂಸ್ಕೃತಿಯನ್ನು ಅವರು ದೂರದ ನೋಟವಾಗಿ ಕಾಣಲಿಲ್ಲ. ಕ್ರಿಸ್ತನ ಕೊನೆಯ ದಿನವನ್ನು ಕುರಿತ ಅವರ ಖಂಡಕಾವ್ಯದ ಹೆಸರು ‘ಗೊಲ್ಗೊಥಾ’. ಕಪಾಲಸ್ಥಾನವೆಂಬ ಅರ್ಥವುಳ್ಳ ಈ ಮಾತು ಅರಮಾಯಿಕ್ ಭಾಷೆಯಿಂದ ಬಂದುದು. ಬುದ್ಧದೇವನ ಪರಿನಿರ್ವಾಣವನ್ನು ಕುರಿತುದು ‘ವೈಶಾಖಿ’. ಏಕಲವ್ಯನನ್ನು ಕುರಿತ ನಾಟಕ ‘ಹೆಬ್ಬೆರಳು’. ಜೆರೂಸಲೇಮಿನ ಬೆಟ್ಟ, ಕುಶಿನಗರದ ಸಾಲವನ, ಮಹಾಭಾರತದ ಅಡವಿ ಈ ಮೂರೂ ಒಬ್ಬನೇ ಕವಿಯ ಕನ್ನಡದಲ್ಲಿ ಒಂದೇ ಗೌರವದಿಂದ ನಿಂತಿವೆ. ಪರಧರ್ಮದ ಕಥೆಯನ್ನು ಹೇಳುವಾಗ ಅವರ ಕಂಠದಲ್ಲಿ ಅನ್ಯಭಾವವು ತಲೆದೋರುವುದಿಲ್ಲ.

ಮೂರನೆಯದಾಗಿ, ಜಪಾನು. ಆ ದೇಶದ ‘ನೋ’ ಎಂಬ ನಾಟಕಪ್ರಕಾರವು ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ ಜೆಯಾಮಿ ಎಂಬ ನಟ ನಾಟಕಕಾರನ ಕೈಯಲ್ಲಿ ಪರಿಪಕ್ವವಾಯಿತು. ಮುಖ್ಯನಟನು ಮುಖವಾಡವನ್ನು ಧರಿಸುತ್ತಾನೆ. ಕೊಳಲು, ಮದ್ದಳೆಯಂತಹ ವಾದ್ಯಗಳು, ಪಕ್ಕದಲ್ಲಿ ಕುಳಿತು ಹಾಡುವ ಮೇಳ, ಬಹುಮಟ್ಟಿಗೆ ಬರಿದಾದ ರಂಗಸ್ಥಳ ಇವು ಅದರ ಲಕ್ಷಣಗಳು. ತೀರಿಹೋದವರ ಆತ್ಮಗಳು ಮರಳಿ ಬಂದು ತಮ್ಮ ಕಥೆಯನ್ನು ಹೇಳಿಕೊಳ್ಳುವುದುಂಟು. ಈ ನಾಟಕಗಳಲ್ಲಿ ಕೆಲವನ್ನು ಪೈಗಳು ಕನ್ನಡಕ್ಕೆ ತಂದರು. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ಕೇಳಿ ಬೆಳೆದ ಸೀಮೆಯವರಿಗೆ, ಭಾಗವತರ ಪದಕ್ಕೆ ಹೆಜ್ಜೆಹಾಕುವ ವೇಷವನ್ನು ಕಂಡವರಿಗೆ, ಇದು ಅರಿಯದ ಲೋಕವೆನಿಸಲಾರದು. ಪರಿಯು ಬೇರೆ, ವೇಗವು ಬೇರೆ. ಆದರೆ ಹಾಡು ಒಂದೆಡೆ, ಅಭಿನಯ ಒಂದೆಡೆಯಾಗಿ ನಿಂತು ಒಂದು ಕಥೆಯನ್ನು ಹೊರುವ ಬಗೆಯು ಎರಡರಲ್ಲಿಯೂ ಉಂಟು.

ಇನ್ನು ಗ್ರೀಕ್ ಪ್ರಹಸನದ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಈಜಿಪ್ತಿನ ಆಕ್ಸಿರಿಂಕಸ್ ಎಂಬ ಪುರಾತನ ಪಟ್ಟಣದ ತಿಪ್ಪೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರು 1896ರಿಂದ ಅಗೆಯಿಸಿದಾಗ ಪಪೈರಸ್ ಹಾಳೆಗಳು ರಾಶಿರಾಶಿಯಾಗಿ ದೊರೆತುವು. ಅವುಗಳಲ್ಲೊಂದು, ಕ್ರಿಸ್ತಶಕ ಎರಡನೆಯ ಶತಮಾನದ್ದೆಂದು ಎಣಿಸಲಾದ ಒಂದು ಪ್ರಹಸನದ ಪ್ರತಿ, 1903ರಲ್ಲಿ ಅಚ್ಚಾಯಿತು. ಖಾರಿಟಿಯೋನ್ ಎಂಬ ಗ್ರೀಕ್ ತರುಣಿಯು ಭಾರತದ ಕರಾವಳಿಯ ಒಬ್ಬ ಅರಸನ ಕೈಗೆ ಸಿಕ್ಕಿರುತ್ತಾಳೆ. ಅವಳನ್ನು ದೇವಿಗೆ ಬಲಿಕೊಡುವುದು ಅರಸನ ಸಂಕಲ್ಪ. ಅವಳ ಅಣ್ಣನು ಸಂಗಡಿಗರೊಡನೆ ಬಂದು, ಅರಸನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನು ಕುಡಿಸಿ, ಅಮಲೇರಿದಾಗ ತಂಗಿಯನ್ನು ಹಡಗಿಗೆ ಹತ್ತಿಸಿಕೊಂಡು ಪಾರಾಗುತ್ತಾನೆ. ಈ ಅರಸನೂ ಪರಿವಾರದವರೂ ಆಡುವ ಮಾತುಗಳು ಗ್ರೀಕ್ ಲಿಪಿಯಲ್ಲಿದ್ದರೂ ಗ್ರೀಕ್ ಅಲ್ಲ.

ಮದರಾಸು ಸರಕಾರದಲ್ಲಿ ಶಾಸನತಜ್ಞರಾಗಿದ್ದ ಜರ್ಮನ್ ವಿದ್ವಾಂಸ ಹುಲ್ಟ್ಸ್ ಅವರು 1904ರಲ್ಲಿ ಆ ಮಾತುಗಳಲ್ಲಿ ಕೆಲವು ಕನ್ನಡವೆಂದು ಸೂಚಿಸಿದರು. ಬೇರೆ, ಕಟ್ಟಿ, ಮಧು ಮೊದಲಾದ ಶಬ್ದಗಳು ಅವರಿಗೆ ಅಲ್ಲಿ ಕಂಡುವು. ಅರ್ಥಶಾಸ್ತ್ರದ ಖ್ಯಾತಿಯ ಆರ್. ಶಾಮಶಾಸ್ತ್ರಿಗಳು ಈ ಪಕ್ಷವನ್ನು ಬೆಂಬಲಿಸಿದರು. ಕನ್ನಡವನ್ನೂ ಗ್ರೀಕನ್ನೂ ಬಲ್ಲ ಗೋವಿಂದ ಪೈಗಳೂ ಈ ಚರ್ಚೆಯಲ್ಲಿ ಲೇಖನಿಯನ್ನು ಹಿಡಿದರು. ಆದರೆ 1926ರಲ್ಲಿಯೇ ಇಂಗ್ಲೆಂಡಿನ ಬಾರ್ನೆಟ್ ಎಂಬ ವಿದ್ವಾಂಸರು ಇದು ಕನ್ನಡವೆಂಬುದನ್ನು ಒಪ್ಪಲಿಲ್ಲ. ಅನಂತರದ ಕೆಲವರು ಅದರಲ್ಲಿ ತುಳುವನ್ನು ಕಂಡರು. ಪ್ರೇಕ್ಷಕರನ್ನು ನಗಿಸಲೆಂದು ಕಟ್ಟಿದ ಅರ್ಥವಿಲ್ಲದ ಶಬ್ದಗಳವು ಎನ್ನುವವರೂ ಇದ್ದಾರೆ. ವಿವಾದವು ಇಂದಿಗೂ ತೀರಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅಧ್ಯಾಪಕನಾದ ಮೊದಲ ವರ್ಷಗಳಲ್ಲಿ ನಾನು ತರಗತಿಯಲ್ಲಿ, ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕರು ಕನ್ನಡವನ್ನು ಬರೆದಿಟ್ಟರೆಂದು ಸಿದ್ಧಾಂತದಂತೆ ಸಾರುತ್ತಿದ್ದೆನು. ಎದುರುಪಕ್ಷದ ವಾದವನ್ನು ಓದುವ ಶ್ರಮವನ್ನೇ ತೆಗೆದುಕೊಂಡಿರಲಿಲ್ಲ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಅದು ಕನ್ನಡವೆಂದು ಗ್ರೀಕ್ ಬಲ್ಲವರೆಲ್ಲರೂ ಒಪ್ಪಿದ್ದಾರೆಯೇ, ಮಾಷ್ಟ್ರೇ?” ಎಂದು ಕೇಳಿದಳು. ಉತ್ತರವು ನನ್ನಲ್ಲಿರಲಿಲ್ಲ. ಮನೆಗೆ ಬಂದು ಹುಡುಕಿ ಓದಿದ ಮೇಲೆ, ಮರುವಾರ ಅದೇ ತರಗತಿಯಲ್ಲಿ ನನ್ನ ಮಾತನ್ನು ತಿದ್ದಿಕೊಂಡೆನು. ಸ್ವಭಾಷೆಯ ಮೇಲಣ ಅಭಿಮಾನವು ಕಿವಿಯನ್ನು ಚುರುಕಾಗಿಸುತ್ತದೆ. ಕೆಲವೊಮ್ಮೆ ಇಲ್ಲದ ದನಿಯನ್ನೂ ಕೇಳಿಸುತ್ತದೆ. ಅದಕ್ಕೆ ಮದ್ದು ಅಭಿಮಾನವನ್ನು ಬಿಡುವುದಲ್ಲ, ಇನ್ನೊಂದು ಭಾಷೆಯನ್ನು ಸರಿಯಾಗಿ ಕಲಿಯುವುದು. ಹುಲ್ಟ್ಸ್ ಅವರಾಗಲಿ ಬಾರ್ನೆಟ್ಟರಾಗಲಿ ಪೈಗಳಾಗಲಿ ಚರ್ಚಿಸಲು ಶಕ್ತರಾದುದು ಎರಡು ದಡಗಳ ನುಡಿಯನ್ನೂ ಕಲಿತಿದ್ದುದರಿಂದ.

1949ರಲ್ಲಿ ಅಂದಿನ ಮದರಾಸು ಸರಕಾರವು ಪೈಗಳಿಗೆ ರಾಷ್ಟ್ರಕವಿಯೆಂಬ ಬಿರುದನ್ನಿತ್ತು ಗೌರವಿಸಿತು. 1956ರ ನವೆಂಬರ್ 1ರಂದು ಅವರ ಊರು ಕೇರಳ ರಾಜ್ಯಕ್ಕೆ ಸೇರಿತು. 1963ರ ಸೆಪ್ಟೆಂಬರ್ 6ರಂದು ಅವರು ನಿಧನ ಹೊಂದಿದರು. ಅವರ ಗ್ರಂಥಸಂಗ್ರಹವು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನು ಸೇರಿ, ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರಕ್ಕೆ ಆಧಾರವಾಯಿತು. ಮಂಜೇಶ್ವರದ ಮನೆಯು ‘ಗಿಳಿವಿಂಡು’ ಎಂಬ ಸ್ಮಾರಕವಾಗಿದೆ. ಅದು 1930ರಲ್ಲಿ ಹೊರಬಂದ ಅವರ ಕವನಸಂಕಲನದ ಹೆಸರು.

ಪ್ರತಿವರ್ಷವೂ ಶಾಲೆ ತೆರೆಯುವ ಕಾಲಕ್ಕೆ ತಂದೆತಾಯಿಗಳು ನನ್ನಲ್ಲಿ ಕೇಳುವ ಪ್ರಶ್ನೆಯೊಂದುಂಟು: “ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಕೆಲಸಕ್ಕೆ ಇಂಗ್ಲಿಷು. ಇದರ ನಡುವೆ ಮಗುವಿಗೆ ಕನ್ನಡದ ಹೊರೆಯೇಕೆ, ಮಾಷ್ಟ್ರೇ?” ಈ ಪ್ರಶ್ನೆಯನ್ನು ನಾನು ಹಗುರಾಗಿ ಕಾಣಲಾರೆ. ಮಕ್ಕಳ ಅನ್ನದ ಚಿಂತೆಯು ಅದರ ಹಿಂದಿದೆ. ಕನ್ನಡವನ್ನು ಕಲಿತವರಿಗೆಲ್ಲ ಉದ್ಯೋಗವು ಕಾದಿದೆಯೆಂದು ಸುಳ್ಳು ಭರವಸೆಯನ್ನು ಕೊಡುವುದೂ ನನ್ನಿಂದಾಗದು. ಆದರೆ ಇಷ್ಟನ್ನು ಹೇಳಬಲ್ಲೆನು. ಮೂರು ನಾಲ್ಕು ನುಡಿಗಳ ನಡುವೆ ಬೆಳೆಯುವುದು ನಮ್ಮ ಮಕ್ಕಳ ದುರದೃಷ್ಟವಲ್ಲ. ಕಿಟ್ಟೆಲ್, ಗುಂಡರ್ಟರಂತಹವರು ಸಮುದ್ರವನ್ನು ದಾಟಿ ಬಂದು, ವರ್ಷಗಟ್ಟಲೆ ದುಡಿದು ಗಳಿಸಿದುದು ನಮ್ಮ ಮಕ್ಕಳಿಗೆ ಬೀದಿಯಲ್ಲಿ ಆಡುತ್ತಲೇ ಲಭಿಸುತ್ತದೆ. ಆ ಸಂಪತ್ತಿಗೆ ಆಳವಾಗಿ ಓದಿ ಬರೆಯಬಲ್ಲ ಒಂದು ನೆಲೆಯು ಬೇಕು. ಪೈಗಳು ತಮ್ಮ ಕಲಿಕೆಯೆಲ್ಲವನ್ನೂ ತಂದು ಸುರಿದುದು ಕನ್ನಡವೆಂಬ ಕಣಜದಲ್ಲಿ. ಕಣಜವಿಲ್ಲದ ಬೆಳೆಯು ಅಂಗಳದಲ್ಲಿಯೇ ಚೆಲ್ಲಿಹೋಗುತ್ತದೆ.

ಸಂಘದ ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ಬಂಧುಗಳಲ್ಲಿ ನನ್ನ ವಿನಂತಿಯಿದು. ಬರುವ ರಜೆಯಲ್ಲಿ ಮಕ್ಕಳನ್ನು ಮಂಜೇಶ್ವರದ ಆ ಮನೆಗೊಮ್ಮೆ ಕರೆದುಕೊಂಡು ಹೋಗಿರಿ. ಮರಳುವ ದಾರಿಯಲ್ಲಿ, ನೆರೆಮನೆಯವರ ಭಾಷೆಯ ಲಿಪಿಯೊಂದನ್ನು ಕಲಿಯುವಂತೆ ಅವರಿಗೆ ಹೇಳಿರಿ. ಕಲಿತುದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ತೋರಿಸುವಂತೆಯೂ ಹೇಳಿರಿ. ಅಷ್ಟು ನಡೆದರೆ ಆ ಹಿರಿಯರ ಸ್ಮರಣೆಯು ಸಾರ್ಥಕವಾದಂತೆಯೇ ಸರಿ.